ಸಿಹಿ ಕೊಡಬೇಡಿ ಎಂದು ಕಲಿಸಿದವಳು ನಾನೇ

"ನಿನಗೇನವ್ವ, ಹುಡುಗ್ಯಾರ ಮೊಣಕಾಲಿಗೆ ಔಷಧ ಹಚ್ಚೂದು, ಮಧ್ಯಾಹ್ನ ಫ್ಯಾನಿನ ಕೆಳಗ ಕೂಡೂದು. ಅದಕ್ಕೂ ಸರಕಾರ ಪಗಾರ ಕೊಡ್ತದ ನೋಡು," ಎಂದು ನನ್ನ ತಂಗಿ ಮನೆಗೆ ಬಂದಾಗಲೆಲ್ಲ ಅನ್ನುತ್ತಾಳೆ. ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಎಷ್ಟು ಸಲ ಹೇಳುವುದು?

ನಮ್ಮದು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಯ ಹುಡುಗಿಯರ ವಸತಿ ಶಾಲೆ. ಆರರಿಂದ ಹತ್ತನೆಯ ತರಗತಿಯವರೆಗೆ ಇನ್ನೂರ ಚಿಲ್ಲರೆ ಹುಡುಗಿಯರು. ಅಷ್ಟೂ ಜನಕ್ಕೆ ನಾನೊಬ್ಬಳೇ ನರ್ಸ್. ನನಗೆ ಕೊಟ್ಟಿರುವ ಕೋಣೆಯಲ್ಲಿ ಎರಡು ಮಂಚಗಳಿವೆ. ಒಂದು ಕಾಯಿಲೆಯವರಿಗೆ, ಇನ್ನೊಂದು ವಾಲಿಬಾಲ್ ನೆಟ್ಟಿಗೆ, ಹಾರ್ಮೋನಿಯಮ್ಮಿಗೆ ಮತ್ತು ಕಳೆದ ವರ್ಷದ ನಾಟಕದ ಕಿರೀಟಗಳಿಗೆ. ಬೆಳಿಗ್ಗೆ ತಲೆಯಲ್ಲಿ ಹೇನು ನೋಡಬೇಕು. ಅಡುಗೆಮನೆಯಲ್ಲಿ ಸಾರಿನ ರುಚಿ ನೋಡಿ ಸಹಿ ಹಾಕಬೇಕು. ನೀರಿನ ಟ್ಯಾಂಕಿಗೆ ಪುಡಿ ಹಾಕಿಸಬೇಕು. ಸೋಮವಾರ ರಕ್ತ ಹೆಚ್ಚಿಸುವ ಗುಳಿಗೆ ನುಂಗಿಸಬೇಕು. ಕೊಟ್ಟರೆ ಸಾಲದು, ನನ್ನ ಎದುರೇ ನುಂಗಿ ಬಾಯಿ ತೆರೆದು ತೋರಿಸಬೇಕು. ಇಲ್ಲದಿದ್ದರೆ ಗುಳಿಗೆಗಳೆಲ್ಲ ಮರುದಿನ ಪೇರಲ ಗಿಡದ ಬುಡದಲ್ಲಿ ಸಿಗುತ್ತವೆ. ಇಷ್ಟೆಲ್ಲ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಯಾರಾದರೂ ಮೇಷ್ಟ್ರು ರಜೆ ಹಾಕಿರುತ್ತಾರೆ, ಪ್ರಾಂಶುಪಾಲರು "ಸಿಸ್ಟರ್, ಏಳನೇ ಕ್ಲಾಸಿನ್ಯಾಗ ಸುಮ್ಮ ಹೋಗಿ ಕೂಡ್ರಿ, ಗದ್ದಲ ಮಾಡಾಕತ್ತಾರ" ಎಂದು ಹೇಳಿಕಳಿಸುತ್ತಾರೆ.

ಮೂರು ವರ್ಷದ ನರ್ಸಿಂಗ್ ಕೋರ್ಸಿನಲ್ಲಿ ನಾನು ಕಲಿತದ್ದು ಡಾಕ್ಟರು ಹೇಳಿದ್ದನ್ನು ತಪ್ಪಿಲ್ಲದೆ ಮಾಡುವುದು. ಇಲ್ಲಿ ಹೇಳುವುದಕ್ಕೆ ಡಾಕ್ಟರೇ ಇಲ್ಲ. ತಪಾಸಣೆಯ ತಂಡ ವರ್ಷಕ್ಕೊಮ್ಮೆ ಜೀಪಿನಲ್ಲಿ ಬಂದು, ಕಣ್ಣು ಹಲ್ಲು ನೋಡಿ, ಚಹಾ ಕುಡಿದು ಹೋಗುತ್ತದೆ. ಉಳಿದ ದಿನಗಳಲ್ಲಿ ಹೇಳುವವಳೂ ನಾನೇ, ಕೇಳುವವಳೂ ನಾನೇ.

ಆ ಹುಡುಗಿ ಜೂನಿನಲ್ಲಿ ಎಂಟನೆಯ ತರಗತಿಗೆ ಬಂದಳು. ಅವಳ ಅಪ್ಪನಿಗೆ ಹುಣಸಗಿಯಲ್ಲಿ ಬಟ್ಟೆ ಹೊಲಿಯುವ ಸಣ್ಣ ಅಂಗಡಿ, ಮನೆ ಅಲ್ಲಿಂದ ಒಳಗಿನ ಹಳ್ಳಿಯಲ್ಲಿ. ಮಗಳ ಟ್ರಂಕನ್ನು ಹೆಗಲ ಮೇಲೆ ಹೊತ್ತಿದ್ದ ಆತ, ಒಂದು ಊಟದ ಡಬ್ಬಿಯನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಡಬ್ಬಿಯಲ್ಲಿ ಐಸು, ಐಸಿನ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇನ್ಸುಲಿನ್ ಬಾಟಲಿ. ಹತ್ತನೆಯ ವಯಸ್ಸಿನಿಂದ ಅವಳಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸೂಜಿ ಅವಳೇ ಚುಚ್ಚಿಕೊಳ್ಳುತ್ತಾಳೆ. ಮನೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಬಾಟಲಿಯನ್ನು ಒದ್ದೆ ಮರಳು ತುಂಬಿದ ಗಡಿಗೆಯಲ್ಲಿ ಇಡುತ್ತಿದ್ದರು.

ಪ್ರಾಂಶುಪಾಲರು ಡಬ್ಬಿಯನ್ನು ಬಾಂಬು ನೋಡಿದ ಹಾಗೆ ನೋಡಿದರು. "ಇಂಥಾ ಕೇಸ್ ನಾವ್ಯಾಕ ತಗೋಬೇಕ್ರಿ? ಮನ್ಯಾಗ ಇಟಗೊಂಡ ಓದಿಸ್ರಿ."

"ಊರಾಗ ಏಳನೇತ್ತೆ ತನಕ ಸಾಲಿ ಅದರಿ ಸರ," ಎಂದ ಅಪ್ಪ. "ಮುಂದ ಸಾಲಿ ಬಿಡಸೂದ. ಆಕಿನ ಹಟ ಮಾಡಿ ಪರೀಕ್ಷಾ ಬರದಾಳ. ಇಲ್ಲಿ ನರ್ಸಮ್ಮ ಅದಾರಂತ ಕೇಳಿ ಬಂದೇವಿ."

ನಾನು ಅಲ್ಲೇ ನಿಂತಿದ್ದೆ. ಸುಮ್ಮನಿರಬಾರದೇ? "ನಾ ನೋಡ್ಕೋತೀನ್ರಿ ಸರ್" ಅಂದುಬಿಟ್ಟೆ.

"ಹಂಗಾರ ಛಲೋ ಆತು. ಜವಾಬ್ದಾರಿ ನಿಮ್ಮದು," ಎಂದು ಅವರು ಪೆನ್ನು ತೆಗೆದರು. "ಆದ್ರ ಈಗ ಹೇಳಿರ್ತೀನಿ. ಒಂದ್ ಸಲ ಏನರ ಹೆಚ್ಚುಕಮ್ಮಿ ಆತೋ, ಅವತ್ತ ಟಿ.ಸಿ. ಕೊಟ್ಟು ಕಳಸೂದು. ಆಮ್ಯಾಲ ಯಾರೂ ನನ್ನ ಮುಂದ ಅಳಬಾರದು."

ಅಂದಿನಿಂದ ಅವಳ ಬಾಟಲಿ ಅಡುಗೆಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪಾಕೀಟು ಮತ್ತು ಕರಿಬೇವಿನ ಪಕ್ಕ, ಒಂದು ಸ್ಟೀಲ್ ಡಬ್ಬಿಯೊಳಗೆ ಇರತೊಡಗಿತು. ಬೆರಳು ಚುಚ್ಚಿ ಸಕ್ಕರೆ ನೋಡುವ ಮಷಿನ್ನು ನನ್ನ ಕಪಾಟಿನಲ್ಲಿ. ಅವಳು ಬೆಳಿಗ್ಗೆ ಸಂಜೆ ಬಂದು, ಹಲ್ಲು ಕಚ್ಚದೆ, ಮುಖ ಕಿವುಚದೆ ಚುಚ್ಚಿಕೊಂಡು ಹೋಗುತ್ತಿದ್ದಳು. ಮಾತು ಕಡಿಮೆ. ತನಗೆ ಕಾಯಿಲೆ ಇದೆಯೆಂದು ಯಾರಾದರೂ ಜೋರಾಗಿ ಹೇಳಿದರೆ ಮಾತ್ರ ಹುಬ್ಬು ಗಂಟಾಗುತ್ತಿತ್ತು.

ನಾನು ಜೋರಾಗಿಯೇ ಹೇಳಿದೆ. ಎಲ್ಲರಿಗೂ ಹೇಳಿದೆ. ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ಆರೋಗ್ಯದ ಮಾತು ಬಂತೆಂದರೆ ಒಬ್ಬರು ರಜಾ ಚೀಟಿ ಬರೆಯುತ್ತಾರೆ, ಇನ್ನೊಬ್ಬರು ಫೋನಿನಲ್ಲಿ ಬಂದ ಗುಡ್ ಮಾರ್ನಿಂಗ್‌ಗಳಿಗೆ ಉತ್ತರ ಕೊಡುತ್ತಾರೆ. ಉದ್ದಕ್ಕೆ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ ಎಂದು ಎರಡೇ ಮಾತು ಆರಿಸಿಕೊಂಡೆ: ಸೂಜಿ ತಪ್ಪಿಸಬಾರದು, ಸಿಹಿ ಕೊಡಬಾರದು. ಕೆಂಪು ಸ್ಕೆಚ್ ಪೆನ್ನಿನಲ್ಲಿ ರಟ್ಟಿನ ಮೇಲೆ ಬರೆದು ಸ್ಟಾಫ್ ರೂಮಿನಲ್ಲಿ ತೂಗುಹಾಕಿದೆ. ಸಕ್ಕರೆ ಏರುವುದಷ್ಟೇ ಅಲ್ಲ, ಸೂಜಿ ಹಾಕಿಕೊಂಡು ಉಣ್ಣದಿದ್ದರೆ ಇಳಿದೂ ಹೋಗುತ್ತದೆ, ಅದು ಏರುವುದಕ್ಕಿಂತ ಬೇಗ ಜೀವಕ್ಕೆ ಬರುತ್ತದೆ ಎನ್ನುವುದನ್ನು ವಾರ್ಡನ್ ಮೇಡಂಗೆ ಒಂದು ಸಲ ಹೇಳಿದ್ದೆ. ಆಗ ಅವರು ಚಾದರ ಎಣಿಸುತ್ತಿದ್ದರು. "ಹೂಂ ಹೂಂ, ಅರವತ್ತೆರಡು" ಅಂದರು. ನಾನೂ ಮತ್ತೆ ಹೇಳಲಿಲ್ಲ. ಇಳಿದರೆ ನೋಡಲು ನಾನಿದ್ದೇನಲ್ಲ ಎಂಬ ಧೈರ್ಯ.

ಈ ಎರಡು ಮಾತುಗಳನ್ನು ವಾರ್ಡನ್ ಮೇಡಂ ಪಾಲಿಸಿದ ಹಾಗೆ ಇನ್ಯಾರೂ ಪಾಲಿಸಲಿಲ್ಲ. ಯಾರದೋ ಹುಟ್ಟುಹಬ್ಬದ ಚಾಕಲೇಟನ್ನು ಹುಡುಗಿಯ ಬಾಯಿಂದ ತೆಗೆಸಿದರು. ಆಗಸ್ಟ್ ಹದಿನೈದರಂದು ಧ್ವಜದ ಎದುರೇ ಅವಳ ಕೈಯಲ್ಲಿದ್ದ ಬೂಂದಿ ಲಾಡು ಕಸಿದು ಪಕ್ಕದವಳಿಗೆ ಕೊಟ್ಟರು. ಹುಡುಗಿ ಆ ದಿನ ನನ್ನ ಜೊತೆಗೂ ಮಾತಾಡಲಿಲ್ಲ. ಮೇಡಂ ಮಾತ್ರ ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು, ನೋಡ್ರಿ ಹೆಂಗ ಕಾಯಾಕತ್ತೀನಿ ಎನ್ನುವ ಹಾಗೆ. ನಾನು ಖುಷಿಪಟ್ಟೆ. ಆ ಖುಷಿ ನೆನೆದರೆ ಈಗ ಮೈ ಉರಿಯುತ್ತದೆ.

ಅದಾದ ಮೇಲೆ ಒಂದು ಶನಿವಾರ ಸಂಜೆ ವಾಟ್ಸಾಪಿನಲ್ಲಿ ಆದೇಶ ಬಂತು. ಸೋಮವಾರ ಮತ್ತು ಮಂಗಳವಾರ ಯಾದಗಿರಿಯಲ್ಲಿ ವಸತಿ ಶಾಲೆಗಳ ನರ್ಸ್‌ಗಳಿಗೆ ತರಬೇತಿ, ಹಾಜರಾತಿ ಕಡ್ಡಾಯ. ಭಾನುವಾರ ನಾನು ವಾರ್ಡನ್ ಮೇಡಂಗೆ ಒಂದು ನೋಟ್ ಪುಸ್ತಕ ಮಾಡಿಕೊಟ್ಟೆ. ಗೆರೆ ಹೊಡೆದು, ತಾರೀಖು, ಹೊತ್ತು, ಸೂಜಿ ಆಯಿತೇ, ಸಹಿ. ಮಷಿನ್ನು ಕಳೆದರೆ ನನ್ನ ತಲೆಗೆ ಬರುತ್ತದೆ ಎಂದು ಕಪಾಟಿಗೆ ಕೀಲಿ ಹಾಕಿ, ಕೀಲಿಯನ್ನು ಪರ್ಸಿನಲ್ಲಿ ಹಾಕಿಕೊಂಡು, ಸೋಮವಾರ ನಸುಕಿನ ಬಸ್ಸು ಹತ್ತಿದೆ.

ಅದು ಶ್ರಾವಣ ಸೋಮವಾರ. ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನೇ ಉಪವಾಸ ಹಿಡಿದಿದ್ದೆ, ಚೀಲದಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಂಡಿದ್ದೆ. ನಮ್ಮ ಹಾಸ್ಟೆಲ್ಲಿನಲ್ಲಿ ಶ್ರಾವಣ ಸೋಮವಾರವೆಂದರೆ ಅರ್ಧಕ್ಕರ್ಧ ಹುಡುಗಿಯರು ಬೆಳಿಗ್ಗೆ ನಾಷ್ಟಾ ಬಿಡುತ್ತಾರೆ, ಸಂಜೆ ಪೂಜೆಯಾದ ಮೇಲೆಯೇ ಊಟ. ಆದರೆ ಈ ಹುಡುಗಿಯೂ ಬಿಡಬಹುದು ಎಂದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ಮೊದಲ ಸೋಮವಾರಗಳಲ್ಲಿ ನನ್ನ ಕಣ್ಣೆದುರೇ ಕೂತು ತಿಂದಿದ್ದಳು. ನಾನು ಊರಲ್ಲಿಲ್ಲದ ಸೋಮವಾರಕ್ಕೆ ಅವಳು ಕಾಯುತ್ತಿದ್ದಳೆಂದು ಆಮೇಲೆ ತಿಳಿಯಿತು.

ಯಾದಗಿರಿಯ ಸಭಾಂಗಣದಲ್ಲಿ ನಾವು ಮೂವತ್ತು ಜನ ನರ್ಸ್‌ಗಳು. ಮೊದಲು ದೀಪ ಹಚ್ಚಿದರು, ಆಮೇಲೆ ಸ್ವಾಗತ, ಆಮೇಲೆ ಹೂವಿನ ಗುಚ್ಛ, ಆಮೇಲೆ ಫೋನುಗಳನ್ನು ಸೈಲೆಂಟ್ ಮಾಡಿ ಎಂಬ ಸೂಚನೆ. ತರಬೇತಿ ಕೊಡಲು ಬಂದವರು ಪರದೆಯ ಮೇಲೆ ಕೈ ತೊಳೆಯುವ ಏಳು ಹಂತ ತೋರಿಸಿದರು. ಇಪ್ಪತ್ತು ವರ್ಷದಿಂದ ಕೈ ತೊಳೆಯುತ್ತಿರುವ ಮೂವತ್ತು ಹೆಂಗಸರು ಎದ್ದು ನಿಂತು, ನೀರಿಲ್ಲದೆ, ಗಾಳಿಯಲ್ಲಿ ಕೈ ತೊಳೆದೆವು. ಆಮೇಲೆ ಎತ್ತರ-ತೂಕವನ್ನು ಆ್ಯಪಿನಲ್ಲಿ ತುಂಬುವುದು ಹೇಗೆ, ಯಾವ ಶಾಲೆಯದು ಬಾಕಿ ಇದೆ, ಯಾಕೆ ಬಾಕಿ ಇದೆ.

ನಾನು ಕೈ ಎತ್ತಿದೆ. "ಸರ್, ನಮ್ಮಲ್ಲಿ ಇನ್ಸುಲಿನ್ ತಗೊಳ್ಳೋ ಹುಡುಗಿ ಅದಾಳ್ರಿ. ನಾವಿಲ್ಲದಾಗ ಟೀಚರ್ಸಿಗೆ ಏನೇನು ಕಲಿಸಿರಬೇಕು, ಅದರದೇನರ ಅದ ಏನ್ರಿ?"

"ಒಳ್ಳೆ ಪ್ರಶ್ನೆ," ಎಂದರು. "ಆದ್ರೆ ಅದು ನಮ್ಮ ಈ ಮಾಡ್ಯೂಲಿನಲ್ಲಿ ಬರಲ್ಲ."

ಪಕ್ಕದಲ್ಲಿ ಕೂತ ಶಿರವಾಳದ ಕಡೆಯ ನರ್ಸ್ ನನ್ನ ತೊಡೆ ಚಿವುಟಿ, "ಸುಮ್ಮ ಕೂಡಕ್ಕ, ಪ್ರಶ್ನೆ ಕೇಳಿದವರಿಗೇ ಮುಂದಿನ ಸಲ ವಂದನಾರ್ಪಣೆ ಹಚ್ತಾರ" ಎಂದು ಪಿಸುಗುಟ್ಟಿದಳು. ಹನ್ನೊಂದಕ್ಕೆ ಚಹಾ ಬಿಟ್ಟಾಗ ಫೋನು ತೆಗೆದು ನೋಡಿದರೆ ಶಾಲೆಯಿಂದ ಒಂಬತ್ತು ಕರೆ ಬಂದಿದ್ದವು.

ವಾಪಸ್ ಮಾಡಿದಾಗ ಎತ್ತಿದ್ದು ಅಡುಗೆಯ ಖಾಲಾ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಹುಡುಗಿಯರಿಂದ ಪ್ರಾಂಶುಪಾಲರವರೆಗೆ ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ.

"ಸಿಸ್ಟರಮ್ಮ, ಅಂಜಬ್ಯಾಡ್ರಿ. ಕೂತಾಳ ಈಗ, ಬಿಸ್ಕೀಟ್ ತಿನ್ನಾಕತ್ತಾಳ. ಮೇಡಮ್ಮಾರು ನನ್ನ ಮ್ಯಾಲ ಸಿಟ್ಟಾಗ್ಯಾರ, ಅಷ್ಟ."

ನಾನು ಸಂಜೆಯ ಹಾಜರಿ ಸಹಿ ಮಾಡದೆ ಹೊರಟೆ. ಬಾಗಿಲ ಬಳಿಯ ಗುಮಾಸ್ತ "ಸಹಿ ಇಲ್ಲಾಂದ್ರ ಗೈರುಹಾಜರಿ ಬೀಳ್ತದ್ರಿ" ಎಂದ. "ಬೀಳ್ಲಿ" ಎಂದೆ. ಶಹಾಪುರದ ಬಸ್ಸು ಪ್ರತಿ ಕೈಗೂ ನಿಲ್ಲುತ್ತ, ಮೇವಿನ ಹೊರೆ ಹತ್ತಿಸುತ್ತ, ಇಳಿಸುತ್ತ ಹೋಯಿತು. ಉಪವಾಸದ ಬಾಳೆಹಣ್ಣು ಚೀಲದಲ್ಲೇ ಜಜ್ಜಿಹೋಯಿತು.

ಶಾಲೆ ಮುಟ್ಟಿದಾಗ ಎರಡು ದಾಟಿತ್ತು. ನನ್ನ ಕೋಣೆಯ ಮಂಚದ ಮೇಲೆ ಹುಡುಗಿ, ಪಕ್ಕದಲ್ಲಿ ಖಾಲಾ, ಬಾಗಿಲಲ್ಲಿ ವಾರ್ಡನ್ ಮೇಡಂ. ಕಪಾಟು ತೆಗೆದು ಮಷಿನ್ನಿನಲ್ಲಿ ನೋಡಿದೆ, ಸಕ್ಕರೆ ಸರಿಯಾಗಿತ್ತು. ಆಮೇಲೆ ಒಬ್ಬೊಬ್ಬರಿಂದ ಕೇಳಿ ತಿಳಿದೆ. ಬೆಳಿಗ್ಗೆ ಹುಡುಗಿ ಸೂಜಿ ಹಾಕಿಕೊಂಡಿದ್ದಾಳೆ, ಮೇಡಂ ಕಣ್ಣಾರೆ ನೋಡಿ ಸಹಿ ಹಾಕಿದ್ದಾರೆ. ಹುಡುಗಿ ನೇರ ಉಪವಾಸದವರ ಗುಂಪಿಗೆ ಹೋಗಿದ್ದಾಳೆ. ಎರಡನೆಯ ಪೀರಿಯಡ್ಡಿನಲ್ಲಿ ಕೈ ನಡುಗಿ, ಬೆವರಿ, ಕೇಳಿದ್ದೊಂದಕ್ಕೆ ಹೇಳಿದ್ದೊಂದಾಗಿ, ಡೆಸ್ಕಿನ ಮೇಲೆ ತಲೆ ಇಟ್ಟಿದ್ದಾಳೆ. ಎತ್ತಿ ತಂದು ಮಲಗಿಸಿದ್ದಾರೆ. ಖಾಲಾ ನೋಡಿದವಳೇ ಲೋಟದಲ್ಲಿ ಸಕ್ಕರೆ ನೀರು ಕಲಸಿಕೊಂಡು ಓಡಿ ಬಂದಿದ್ದಾಳೆ. ಮೇಡಂ ಬಾಗಿಲಿಗೆ ಅಡ್ಡ ನಿಂತು ಲೋಟ ಕಸಿದು ಕಿಟಕಿಯ ಹೊರಗೆ ಚೆಲ್ಲಿದ್ದಾರೆ.

"ಸಕ್ಕರಿ ಬ್ಯಾನಿ ಇದ್ದಾಕಿಗೆ ಸಕ್ಕರಿ ಕುಡಸ್ತಿಯೇನ? ಕೊಲ್ಲಾಕ ನಿಂತೀಯೇನ? ಸಿಸ್ಟರ್ ಬರದ ಹಾಕ್ಯಾರ, ಓದಾಕ ಬರಂಗಿಲ್ಲ ನಿನಗ?"

"ಓದಾಕ ಬರಂಗಿಲ್ರಿ," ಅಂದಳಂತೆ ಖಾಲಾ. "ನೋಡಾಕ ಬರ್ತದ."

ಮೇಡಂ ಮತ್ತೊಮ್ಮೆ ನನಗೆ ಫೋನು ಹಚ್ಚಲು ಅಂಗಳಕ್ಕೆ ಹೋದಾಗ ಖಾಲಾ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಸಕ್ಕರೆಯನ್ನು ಹುಡುಗಿಯ ಬಾಯಿಗೆ ಚೂರು ಚೂರು ಹಾಕಿ, ನುಂಗುತ್ತಾಳೋ ಇಲ್ಲವೋ ನೋಡಿ, ಮತ್ತೆ ಹಾಕಿದ್ದಾಳೆ. ಕಾಲು ಗಂಟೆಯಲ್ಲಿ ಹುಡುಗಿ ಎದ್ದು ಕೂತಿದ್ದಾಳೆ.

"ನಿಂಗ ಹೆಂಗ ಗೊತ್ತಾತು ಖಾಲಾ?" ಎಂದೆ.

"ನಮ್ಮ ಮನೀ ಮಂದಿಗೂ ಸಕ್ಕರಿ ಅದರಿ. ರಂಜಾನಿನ್ಯಾಗ ಗುಳಿಗಿ ನುಂಗಿ ರೋಜಾ ಉಪವಾಸ ಹಿಡದಿದ್ರು. ಮಧ್ಯಾಹ್ನ ಹಿಂಗ ಬೆವತು, ನನ್ನ ನೋಡಿ ತಂಗಿ ಅಂತ ಕರ್ಯಾಕತ್ತಿದ್ರು. ಗಂಡ ಹೇಂತಿಗಿ ತಂಗಿ ಅಂದ್ರ ಏನೋ ಬಿಗಡಾಯಿಸ್ಯದ ಅಂತ ತಿಳೀಲಿಲ್ಲೇನ್ರಿ? ದವಾಖಾನ್ಯಾಗ ಡಾಕ್ಟರು ಬೈದು ಹೇಳಿದ್ರು."

ಹುಡುಗಿ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. "ಯಾಕವ್ವ ಉಪವಾಸ ಹಿಡದಿ?"

ಅವಳು ಬೆಡ್‌ಶೀಟಿನ ದಾರ ಎಳೆದಳು. "ಎಲ್ಲಾರೂ ಹಿಡದಿದ್ರು. ನೀವು ಸೂಜಿ ತಪ್ಪಸಬ್ಯಾಡ ಅಂದಿದ್ರಿ, ತಪ್ಪಸಿಲ್ಲ. ಉಣ್ಣೂದರದು ನೀವೇನೂ ಹೇಳಿದ್ದಿಲ್ಲ."

ಊಟ ಮಾಡಿದೆಯಾ ಎಂದು ದಿನಾ ಕೇಳುತ್ತಿದ್ದೆ. ಆದರೆ ಯಾಕೆ ಕೇಳುತ್ತೇನೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಮೂರು ವರ್ಷ ಚುಚ್ಚಿಕೊಂಡವಳಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಹೊರಗೆ ವಾರ್ಡನ್ ಮೇಡಂ ಕಣ್ಣೊರೆಸಿಕೊಳ್ಳುತ್ತ, "ನೀವ ಹೇಳಿದ್ದನ್ನ ಮಾಡೀನ್ರಿ ಸಿಸ್ಟರ್, ನೀವ ಬರದಿದ್ದನ್ನ," ಎಂದರು. ಅವರ ಮೇಲೆ ಕೂಗಾಡಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ಆಯಮ್ಮ ಸುಳ್ಳು ಹೇಳುತ್ತಿರಲಿಲ್ಲ. ಸ್ಟಾಫ್ ರೂಮಿಗೆ ಹೋಗಿ ಆ ರಟ್ಟನ್ನು ಕಿತ್ತು ಎರಡು ತುಂಡು ಮಾಡಿದೆ.

ಮರುದಿನ ನಾನು ತರಬೇತಿಗೆ ಹೋಗಲಿಲ್ಲ. ಬೆಳಿಗ್ಗೆಯೇ ಪ್ರಾಂಶುಪಾಲರು ಹುಡುಗಿಯ ಅಪ್ಪನನ್ನು ಕರೆಸಿದ್ದರು. ಆತ ಕುತ್ತಿಗೆಯಲ್ಲಿ ಅಳತೆಯ ಟೇಪು ತೆಗೆಯುವುದನ್ನೂ ಮರೆತು ಬಂದು ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಮೇಜಿನ ಮೇಲೆ ಟಿ.ಸಿ. ಪುಸ್ತಕ ತೆರೆದಿತ್ತು. ಹುಡುಗಿ ಗೋಡೆಗೆ ಆತು ನಿಂತಿದ್ದಳು, ಟ್ರಂಕು ಕಟ್ಟಬೇಕೋ ಬೇಡವೋ ಎಂದು ಕೇಳಲು ಬಂದವಳ ಹಾಗೆ.

"ನಾ ಮೊದಲ ಹೇಳಿದ್ದೆ," ಎಂದರು ಪ್ರಾಂಶುಪಾಲರು. "ನಾಳೆ ಏನರ ಆದ್ರ ಪೇಪರಿನವರು ನನ್ನ ಫೋಟೋ ಹಾಕ್ತಾರ, ಸಿಸ್ಟರದಲ್ಲ. ಒಂದ ದಾರಿ ಅದ. ಸಿಸ್ಟರ್, ಎಲ್ಲಾ ಜವಾಬ್ದಾರಿ ನನ್ನದು, ಶಾಲೀಗೆ ಸಂಬಂಧ ಇಲ್ಲ ಅಂತ ಬರದು ಕೊಡ್ರಿ. ಇಟಗೋತೀನಿ."

"ಬರಿಯಂಗಿಲ್ರಿ," ಎಂದೆ.

ಅಪ್ಪ ದಿಗಿಲಾಗಿ ನನ್ನ ಮುಖ ನೋಡಿದ. ಹುಡುಗಿ ನೋಡಲಿಲ್ಲ, ನೆಲ ನೋಡಿದಳು. ಜೂನಿನಲ್ಲಿ ಬಾಯಿ ತಪ್ಪಿ ಹೇಳಿದ ಅದೇ ಮಾತನ್ನು ಈಗ ಕಾಗದದ ಮೇಲೆ ಬರೆಯಬೇಕಂತೆ.

"ಸರ್, ನಾ ಒಬ್ಬಾಕಿ. ನನಗ ಜ್ವರ ಬರ್ತದ. ನನ್ನ ತರಬೇತಿಗೆ ಕಳಸ್ತೀರಿ, ಚುನಾವಣಿ ಡ್ಯೂಟಿಗೆ ಕಳಸ್ತೀರಿ. ಒಬ್ಬಾಕಿ ಮ್ಯಾಲ ಹಾಕಿದ್ದಕ್ಕ ನಿನ್ನೆ ಹಿಂಗಾತು. ಕೀಲಿ ನನ್ನ ಪರ್ಸಿನ್ಯಾಗ ಇತ್ತು, ತಿಳವಳಿಕಿ ನನ್ನ ತಲ್ಯಾಗ ಇತ್ತು, ಎರಡೂ ತಗೊಂಡು ನಾ ಯಾದಗಿರಿಗೆ ಹೋಗಿದ್ದೆ. ತಪ್ಪು ನನ್ನದು, ಅದನ್ನ ಬೇಕಾರ ಬರದು ಕೊಡ್ತೀನಿ. ಆರು ಮಂದಿ ಹೆಸರು ಕೊಡ್ರಿ. ಎರಡು ತಾಸಿನ್ಯಾಗ ಕಲಸ್ತೀನಿ."

"ಯಾವ ಆದೇಶದ ಮ್ಯಾಲ?"

"ಆದೇಶ ಇಲ್ರಿ. ಕಾಯಿಲಿ ಅದ ಅಂತ ಟಿ.ಸಿ. ಕೊಡ್ರಿ ಅಂತ ಆದೇಶ ಅದ ಏನ್ರಿ?"

ಪ್ರಾಂಶುಪಾಲರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಚಹಾ ತಂದಿದ್ದ ಖಾಲಾ ತಟ್ಟೆ ಇಟ್ಟು ಹೋಗದೆ ನಿಂತಳು. "ನಂದೊಂದು ಹೆಸರು ಬರ್ಕೋರಿ ಸಾಹೇಬ್ರ."

"ಅಡಿಗೀಯವರ ಹೆಸರು ಹೆಂಗ ಹಾಕೂದವ್ವ?"

"ನಿನ್ನೆ ಗೊತ್ತಿದ್ದಾಕಿ ಆಕಿ ಒಬ್ಬಾಕಿನ ಸರ್," ಎಂದದ್ದು ನಾನಲ್ಲ, ಬಾಗಿಲ ಹೊರಗಿನಿಂದ ವಾರ್ಡನ್ ಮೇಡಂ. ಒಳಗೆ ಬಂದು, "ಎರಡನೇದು ನಂದು ಬರೀರಿ," ಎಂದರು. ಅಪ್ಪ ಟೇಪನ್ನು ಈಗ ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತತೊಡಗಿದ. "ಸರ, ನಮ್ಮ ಮನ್ಯಾಗ ಇಬ್ಬರ ಇರೂದ್ರಿ, ನಾನು ಆಕಿ ಅವ್ವ. ಇಲ್ಲಿ ಆರು ಮಂದಿ ಅಂದ್ರ…" ಎಂದು ಅಲ್ಲಿಗೇ ನಿಲ್ಲಿಸಿದ.

"ಒಂದು ತಿಂಗಳು ನೋಡೂಣು," ಎಂದು ಪ್ರಾಂಶುಪಾಲರು ಟಿ.ಸಿ. ಪುಸ್ತಕ ಮುಚ್ಚಿದರು. ಹುಡುಗಿ ಯಾರನ್ನೂ ಕೇಳದೆ ಕ್ಲಾಸಿಗೆ ಹೋಗಿಬಿಟ್ಟಳು.

ಅಂದು ಮಧ್ಯಾಹ್ನವೇ ನನ್ನ ತರಬೇತಿ ನಡೆಯಿತು. ದೀಪ ಹಚ್ಚಲಿಲ್ಲ. ಹಾರ್ಮೋನಿಯಮ್ಮನ್ನು ನೆಲಕ್ಕಿಳಿಸಿ ಮಂಚದ ಮೇಲೆ ಐವರನ್ನು ಕೂರಿಸಿದೆ. ಮೊದಲು ಅವರವರ ಬೆರಳನ್ನು ಅವರವರೇ ಚುಚ್ಚಿಕೊಳ್ಳಬೇಕು ಎಂದೆ. ಗಣಿತದ ಮೇಷ್ಟ್ರು, "ಮಂಗಳವಾರ ರಕ್ತ ತೆಗೀತಾರೇನ್ರಿ?" ಎಂದು ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡರು. ಖಾಲಾ ಅವರ ಕೈ ಎಳೆದು, "ಇಷ್ಟ ದೊಡ್ಡ ಗಂಡಸು! ಆ ಕೂಸು ದಿನಾ ಚುಚಗೋತದ" ಎಂದು ಚುಚ್ಚಿಯೇಬಿಟ್ಟಳು. ಬೆವರು, ನಡುಕ, ತಪ್ಪು ಮಾತು ಕಂಡರೆ, ನುಂಗುವ ಎಚ್ಚರ ಇದ್ದರೆ, ಮೊದಲು ಸಕ್ಕರೆ, ಪ್ರಶ್ನೆ ಆಮೇಲೆ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಂಬ್ಯುಲೆನ್ಸ್. ಸೂಜಿ ಆದ ಮೇಲೆ ಊಟ ಕಣ್ಣಾರೆ ನೋಡಬೇಕು. ಇಷ್ಟನ್ನು ಪ್ರತಿಯೊಬ್ಬರ ಬಾಯಲ್ಲಿ ಮೂರು ಸಲ ಹೇಳಿಸಿದೆ. ಹುಡುಗಿಯನ್ನೂ ಕೂರಿಸಿಕೊಂಡು ಹೇಳಿಸಿದೆ. ಮಷಿನ್ನನ್ನು ಅವಳ ಕೈಗೇ ಕೊಟ್ಟೆ. ಮೀಟಿಂಗ್ ಇದೆ ಎಂದಿದ್ದ ಪ್ರಾಂಶುಪಾಲರು ಕೊನೆಗೆ ಬಂದು, ನಿಂತುಕೊಂಡೇ ಕೇಳಿ, ಆರನೆಯ ಹೆಸರು ತಮ್ಮದೇ ಬರೆದುಕೊಂಡರು. ಬೇರೆ ಯಾರೂ ಸಿಗಲಿಲ್ಲವಂತೆ.

ತರಬೇತಿಗೆ ಗೈರುಹಾಜರಾದದ್ದಕ್ಕೆ ನನಗೆ ನೋಟಿಸು ಬಂತು, ಉತ್ತರ ಬರೆದೆ. ಒಂದು ತಿಂಗಳ ಮಾತನ್ನು ಪ್ರಾಂಶುಪಾಲರು ಮತ್ತೆ ಎತ್ತಲಿಲ್ಲ, ನಾವೂ ನೆನಪಿಸಲಿಲ್ಲ.

ನಾನು ಕಲಿಸಿದ ಮರುವಾರದ ಸೋಮವಾರ, ಶ್ರಾವಣದ ಕೊನೆಯದು. ಉಪವಾಸದ ಹುಡುಗಿಯರು ಪಡಸಾಲೆಯಲ್ಲಿ ಹೂ ಕಟ್ಟುತ್ತಿದ್ದರು. ಇವಳು ಊಟದ ಕೋಣೆಯಲ್ಲಿ ಉಪ್ಪಿಟ್ಟಿನ ತಟ್ಟೆಯ ಎದುರು ಕೂತಿದ್ದಳು. ಖಾಲಾ ಬಂದು ಕೇಳಿದಳು. ವಾರ್ಡನ್ ಮೇಡಂ ಬಂದು, ತಟ್ಟೆಯೊಳಗೆ ಬಗ್ಗಿ ನೋಡಿ, ಕೇಳಿದರು. ಗಣಿತದ ಮೇಷ್ಟ್ರು ಕಿಟಕಿಯಿಂದ ಕೇಳಿದರು. ಇನ್ನಿಬ್ಬರು ಟೀಚರು ಒಟ್ಟಿಗೆ ಬಂದು ಕೇಳಿದರು. ಪ್ರಾಂಶುಪಾಲರು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ, ಬಾಗಿಲಿನಿಂದಲೇ "ಏ ಹುಡುಗಿ, ಉಂಡಿ?" ಎಂದರು.

ಅವಳು ಚಮಚೆಯನ್ನು ತಟ್ಟೆಗೆ ಬಡಿದಳು.

"ಉಂಡೇನ್ರಿ ಸರ್! ಇನ್ನ ಎಷ್ಟು ಮಂದಿಗೆ ಹೇಳ್ಲಿ? ನಾ ಏನ್ ಮದಲಗಿತ್ತೇನ್ರಿ, ಎಲ್ಲಾರೂ ಬಂದು ಉಂಡಿ ಉಂಡಿ ಅಂತ ಕೇಳಾಕ?"

ನಾನು ಅಲ್ಲೇ ಕಂಬದ ಹಿಂದೆ ನಿಂತಿದ್ದೆ. ಕೇಳಬೇಕೆಂದು ಬಂದವಳು ಕೇಳದೆ ವಾಪಸ್ ಹೋದೆ.